ಒಣಗಲು ಬಿಟ್ಟ ಪುಡಿ

ಹೊಸ್ತಿಲ ಮುಂದಿನ ರಂಗೋಲಿ ಮಿನುಗುತ್ತಿತ್ತು. ರಂಗೋಲಿ ಬೆಳ್ಳಗಿರುತ್ತದೆ, ಮಿನುಗುವುದಿಲ್ಲ. ಚಪ್ಪಲಿ ಬಿಡಲೆಂದು ಒಂದು ಕಾಲೆತ್ತಿದ ಲುಂಬಿನಿ ಕೊಕ್ಕರೆಯ ಹಾಗೆ ಅಲ್ಲೇ ನಿಂತಳು. ವಾಡಿ ಊರಿನ ಇಳಿಬಿಸಿಲು ಸಿಮೆಂಟ್ ಫ್ಯಾಕ್ಟರಿಯ ಧೂಳಿನಲ್ಲಿ ಸೋಸಿಕೊಂಡು ಬಂದು ಅಂಗಳದ ಫರಸಿಕಲ್ಲಿನ ಮೇಲೆ ಓರೆಯಾಗಿ ಬಿದ್ದಿತ್ತು. ಆ ಬೆಳಕಿನಲ್ಲಿ ಮೊರದಗಲದ ಒಂದು ಅರಳಿ ಎಲೆ ತನ್ನ ಉದ್ದ ಬಾಲವನ್ನು ಬೀದಿಯ ಕಡೆ ಚಾಚಿ ಮಲಗಿತ್ತು. ತನ್ನ ಅಜ್ಜಿ, ಆಯಿ, ಬಿಡಿಸಿದ್ದಾಳೆ ಎಂದು ಮೊದಲು ಬರೀ ಖುಷಿಯಾಯಿತು. ಕಣ್ಣಿಗೆ ಪೊರೆ ಬಂದಮೇಲೆ ಆಯಿ ರಂಗೋಲಿ ಬಟ್ಟಲು ಮುಟ್ಟಿರಲಿಲ್ಲ. ಮತ್ತೆ ನೋಡಿದರೆ ಎಲೆಯ ಮೈಮೇಲೆ ಅಡ್ಡಡ್ಡ ಗೆರೆಗಳು. ಯಾವ ಗಿಡದ ಎಲೆಗೂ ಇರದ, ಯಾವ ರಂಗೋಲಿಯಲ್ಲೂ ಬರದ ಗೆರೆಗಳು ಅವು. ಗಾಜಿನ ತುಂಡಿಗೆ ತುಂಡು ಬೆಸೆದಲ್ಲಿ ಮಾತ್ರ ಇರುವಂಥವು. ಪಡಸಾಲೆಯಲ್ಲಿ ಹಳೆ ಸೀರೆ ಹೊದ್ದು ಗೋಡೆಗೊರಗಿದ್ದ, ಲುಂಬಿನಿ ಬಣ್ಣದ ಗಾಜಿನಲ್ಲಿ ಮಾಡಿದ ಅರಳಿ ಎಲೆಯ ಕಿಟಕಿಯನ್ನು ಆಯಿ ಬೆರಳಿನಿಂದ ತಡವಿ ಓದಿಕೊಂಡು ಬಂದು ಇಲ್ಲಿ ಇಳಿಸಿದ್ದಳು. ಅದೇ ಹೊತ್ತಿಗೆ ಮತ್ತೊಮ್ಮೆ ಮಿನುಗು, ಹಸಿರಿನ ಒಂದು ಎಳೆ ಬೆರೆತ ಮಿನುಗು, ಕಣ್ಣಿಗೆ ಚುಚ್ಚಿತು. ಲುಂಬಿನಿ ತಿರುಗಿ ಕಾಂಪೌಂಡಿನ ಮೋಟುಗೋಡೆ ನೋಡಿದಳು. ಬೆಳಿಗ್ಗೆ ನಾಲ್ಕು ಮೂಲೆಗೆ ಹರಳಿಟ್ಟು ಹಾಸಿದ್ದ ಪೇಪರು ಅಲ್ಲಿರಲಿಲ್ಲ. ಹರಳು ಮಾತ್ರ ಸಾಲಾಗಿ ಕೂತಿದ್ದವು, ಏನೂ ಗೊತ್ತಿಲ್ಲದವರ ಹಾಗೆ.

ಎತ್ತಿದ ಕಾಲನ್ನು ಹಿಂದಕ್ಕಿಟ್ಟಳು.

ಬೆಳಿಗ್ಗೆ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಳಲ್ಲ? ಗಾಜು ತಿಕ್ಕುವ ಆ ಪುಟ್ಟ ಯಂತ್ರಕ್ಕೆ ನಾಹಿದ ಆಪಾ ಗ್ರೈಂಡರ್ ಎನ್ನುತ್ತಾಳೆ. ಆಯಿಗೆ ಅದೊಂದು ನಿತ್ಯದ ನಗೆಚಾಟಿಕೆ. 'ಇಡ್ಲಿಗಿ ಹಿಟ್ಟೇನು ತಂಗಿ?' ಎಂದು ಕೇಳದ ದಿನವಿಲ್ಲ. ಶಹಾಬಾದಿನಲ್ಲಿ ಗಾಜು ಕನ್ನಡಿಯ ಅಂಗಡಿ ಇಟ್ಟಿರುವ ಆಪಾ, ಬಣ್ಣದ ಗಾಜಿನ ಕೆಲಸವನ್ನು ಹೈದರಾಬಾದಿನಲ್ಲಿ ಕಲಿತು ಬಂದವಳು, ತನ್ನ ಹಳೆಯ ಯಂತ್ರವನ್ನು ಲುಂಬಿನಿಯ ಕೈಗೆ ಕೊಡುವ ದಿನ ತೊಳೆಯುವುದನ್ನೇ ಮೊದಲು ಕಲಿಸಿದ್ದಳು. ತಿಕ್ಕುವುದು ಆಮೇಲೆ. 'ದೇಖೋ ಬೇಟಾ, ಗಾಜ್ ಕೊಯ್ದ್ರ ರಕ್ತ ಬರ್ತದ, ಕಾಣ್ತದ. ಗಾಜಿನ ಪುಡಿ ಕಾಣಂಗಿಲ್ಲ. ಅದಕ್ಕ ಅದರ ಅದಬ್ ಮಾಡ್ಬೇಕು, ಮರ್ಯಾದಿ ಕೊಡ್ಬೇಕು.' ಹಾಗಾಗಿ ಮೊದಲು ಪ್ಲಗ್ ಕಿತ್ತಳು. ಕೈಗವಸು ಹಾಕಿದಳು. ಮೇಲಿನ ಜಾಲರಿ ಎತ್ತಿ ತಂಬಿಗೆಯ ನೀರಿನಲ್ಲಿ ಅದ್ದಿದಳು. ನಡುವೆ ನಿಂತು ತಿರುಗುವ, ವಜ್ರದ ಪುಡಿ ಮೆತ್ತಿದ ಆ ಗುಂಡನೆಯ ತಿಕ್ಕುಗಲ್ಲಿನ ತಿರುಪು ಸಡಿಲಿಸಿ ಹೊರತೆಗೆದು ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ಉಜ್ಜಿದಳು. ಯಂತ್ರದ ಬೆನ್ನಲ್ಲಿ ಕೂತು ತಿಕ್ಕುಗಲ್ಲಿಗೆ ನೀರು ಕುಡಿಸುವ ಸ್ಪಂಜನ್ನು ಹಿಂಡಿದಳು. ಯಾವುದನ್ನೂ ಒಣಗಿದ ಅರಿವೆಯಿಂದ ಒರೆಸಲಿಲ್ಲ, ಯಾವುದನ್ನೂ ಊದಲಿಲ್ಲ. ತಟ್ಟೆಯ ನೀರನ್ನು ಬಚ್ಚಲಿಗೆ ಚೆಲ್ಲದೆ ಬಕೆಟ್ಟಿಗೆ ಸುರಿದು ತಳ ಕಟ್ಟಲು ಬಿಟ್ಟಳು. ತಿಳಿ ನೀರನ್ನು ಮೆಲ್ಲಗೆ ಬಗ್ಗಿಸಿ ಬೇಲಿಯ ಬುಡಕ್ಕೆ ಹಾಕಿದಾಗ ತಳದಲ್ಲಿ ಉಳಿದಿತ್ತು ಅದು: ಕೆನೆಯಂಥ, ಬೆಣ್ಣೆಯಂಥ, ಕಾಗಿಣಾ ನದಿ ಬೇಸಿಗೆಯಲ್ಲಿ ದಂಡೆಯ ಮೇಲೆ ಬಿಟ್ಟುಹೋಗುವ ಮೆಕ್ಕಲಿನಂಥ ನುಣುಪು ಕೆಸರು. ಆ ಹಸಿಯನ್ನು ಹಸಿಯಾಗಿಯೇ ಪಾಲಿಥಿನ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಚೀಲದೊಳಗೆ ಚೀಲ ಇಡಬೇಕು. ಆಪಾ ಅದನ್ನೂ ಹೇಳಿದ್ದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಅಲ್ಲಿ ಲುಂಬಿನಿ ಕನಸಿಗೆ ಬಿದ್ದಳು. ಒಣಗಿದರೆ ಇದಕ್ಕೆ ಯಾವ ಬಣ್ಣ ಬಂದೀತು? ಹಸಿರು ಗಾಜು ಪುಡಿಯಾದರೆ ಹಸಿರು ಎಲ್ಲಿಗೆ ಹೋಗುತ್ತದೆ? ಆಯಿಯ ಕಥೆಗಳಲ್ಲಿ ರಾಜಕುಮಾರಿಯ ಜೀವ ಗಿಣಿಯಲ್ಲಿ, ಗಿಣಿಯ ಜೀವ ದುಂಬಿಯಲ್ಲಿ ಇದ್ದ ಹಾಗೆ, ಎಲೆಯ ಹಸಿರು ಎಲ್ಲಾದರೂ ಅಡಗಿರಲೇಬೇಕು. ಸಂಜೆ ಬಂದು ನೋಡೋಣ ಎಂದು ಪೇಪರಿನ ಮೇಲೆ ಹರವಿದಳು.

ಆಗಲೇ ಆಯಿ ಕೋಲೂರುತ್ತ ಬಂದು ಹಿಂದೆ ನಿಂತದ್ದು. 'ಏನದು ತಂಗಿ? ಬೆಳ್ಳಗ ಕಾಣ್ಲಿಕತ್ತದ?'

ಅವಳು ಹಿಡಿಯಬೇಕಿದ್ದ ಪ್ಯಾಸೆಂಜರ್ ಗಾಡಿ ಬರುವ ಹೊತ್ತಾಗಿತ್ತು. ಅದೂ ಅಲ್ಲ, ವಾರದಿಂದ ಅವಳ ಮನಸ್ಸು ಎಲ್ಲೋ ತರಚಿಕೊಂಡಿತ್ತು. ಈ ಕಿಟಕಿ ಮಾಡಲು ಹೇಳಿದ್ದ ಚಿತ್ತಾಪುರದ ಬೌದ್ಧ ವಿಹಾರದ ಕಮಿಟಿಯ ಚಂದ್ರಾಮ ಮಾಮ ಹೋದ ವಾರ ಬಂದವನು ಕಿಟಕಿಯನ್ನು ಗೆಣ್ಣಿನಿಂದ ಟಕ್ ಟಕ್ ಬಡಿದು, 'ಏನಿಲ್ಲ, ಬಳಿ ಚೂರು ಅಂಟಿಸಿದಂಗ ಅದ' ಎಂದಿದ್ದ. ಕೆಟ್ಟ ಮನಸ್ಸಿನಿಂದಲ್ಲ, ನಗುತ್ತಲೇ. ಲುಂಬಿನಿಯೂ ನಕ್ಕಿದ್ದಳು. ನಕ್ಕು ಒಳಗೆ ಹೋಗಿ ಚಹಾಕ್ಕೆ ಶುಂಠಿ ಜಜ್ಜುತ್ತ ಜಜ್ಜುತ್ತ ಅದನ್ನು ನೀರು ಮಾಡಿಟ್ಟಿದ್ದಳು. ಅವನು ಬಡಿದ ಜಾಗದಲ್ಲಿ, ಎಲೆಯ ತುದಿಯ ತುಂಡು ತುಸು ಒರಟಾಗಿದೆ ಎಂದು ಅವಳಿಗೇ ಅನ್ನಿಸತೊಡಗಿತು. ಅದನ್ನು ಬಿಚ್ಚಿ ತೆಗೆದು, ಮತ್ತೆ ತಿಕ್ಕಿ, ಮತ್ತೆ ಬೆಸೆದು, ಇವತ್ತು ಸಂಜೆ ಕಮಿಟಿಯವರು ಒಯ್ಯಲು ಬರುವ ಮೊದಲು ಮುಗಿಸಿಯಾಗಿತ್ತು. ಅಂಥ ಬೆಳಿಗ್ಗೆ ಬೆನ್ನ ಹಿಂದೆ ನಿಂತು ಯಾರಾದರೂ ಏನಾದರೂ ಕೇಳಿದರೆ ಬಾಯಿಗೆ ಬರುವುದು ಒಂದೇ.

'ಏನಿಲ್ಲ ಆಯಿ. ಪುಡಿ.'

ಅಷ್ಟೇ ಹೇಳಿದ್ದಳು. ಯಾವ ಪುಡಿ ಎಂದು ಆಯಿ ಕೇಳಲಿಲ್ಲ. ಯಾಕೆ ಕೇಳಬೇಕು? ಈ ಊರಿನಲ್ಲಿ ಪುಡಿ ಯಾರಿಗೆ ಹೊಸದು? ಬೇವಿನೆಲೆಯ ಮೇಲೆ ಪುಡಿ, ಒಣಹಾಕಿದ ಬಟ್ಟೆಯ ಮೇಲೆ ಪುಡಿ, ನೀರಿನ ಕೊಡದ ಮುಚ್ಚಳ ತೆಗೆದರೆ ಬೆರಳಿಗೆ ಪುಡಿ. ಶಹಾಬಾದಿನ ಫರಸಿ ಕೊಯ್ಯುವಲ್ಲಿ ಹರಿಯುವ ಬಿಳಿ ರಾಡಿಯನ್ನು ಹೆಂಗಸರು ಬುಟ್ಟಿಗೆ ಬಳಿದು ತಂದು, ಒಣಗಿಸಿ, ಜರಡಿ ಹಿಡಿದು ವರ್ಷಪೂರ್ತಿ ರಂಗೋಲಿ ಹಾಕುತ್ತಿದ್ದರು. ಆಯಿಯ ಗಂಡ ಮುತ್ಯಾ ಬದುಕಿದ್ದ ಕಾಲದಲ್ಲಿ ಅವಳೂ ಹಾಗೇ ತರುತ್ತಿದ್ದಳು. ಪೇಪರಿನ ಮೇಲೆ ಒಣಗಿದ ಬಿಳಿ ಪುಡಿ ಕಂಡರೆ ಅದು ರಂಗೋಲಿಗೆಂದೇ ಒಣಗಿದ್ದು. ಮೊಮ್ಮಗಳು ಗಡಿಬಿಡಿಯಲ್ಲಿ ಹೋದಳು, ಪಾಪ, ಒಣಗಲು ಇಟ್ಟಾದರೂ ಹೋದಳಲ್ಲ.

'ಯಾರದು? ಲುಂಬಿನಿ ಏನು?' ಒಳಗಿನಿಂದ ಆಯಿಯ ದನಿ. 'ದಾಟಿ ಬಾ ತಂಗಿ, ತುಳೀಬ್ಯಾಡ. ನೋಡಿದಿ ಇಲ್ಲ?'

'ನೋಡೀನಿ ಆಯಿ.'

'ಹೆಂಗ ಬಂದದ? ಬಾಲ ಸೊಟ್ಟ ಆಗ್ಯದೇನು? ಕೈ ನಡಗ್ತದ ಈಗ.'

'ಇಲ್ಲ. ಭಾಳ ಛಂದ ಬಂದದ.'

'ಮೈತ್ರಿನೂ ಕೂಸಿನ ಕರ್ಕೊಂಡು ಬರ್ಲಿಕತ್ತಾಳಂತ. ಚಂದ್ರಾಮ ಫೋನ್ ಮಾಡಿದ್ದ. ಬಸ್ಸಿನಾಗ ಕುಂತಾರ.' ದನಿಯಲ್ಲಿ ಗೆಲುವಿತ್ತು. 'ನಿನ್ನ ಎಲಿ ಅವರು ಒಳಗ ನೋಡ್ತಾರ. ನನ್ನ ಎಲಿ ಹೊರಗೇ ನೋಡ್ಲಿ ಅಂತ ಹಾಕೀನಿ.'

ಮೈತ್ರಿ ಚಂದ್ರಾಮನ ಸೊಸೆ. ಅವಳ ಕೂಸು ಈಗ ಅಂಬೆಗಾಲಿಡುತ್ತದೆ. ನೆಲದಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ. ಲುಂಬಿನಿ ಅಂಗಳದ ಬದಿಯಿಂದ ಸುತ್ತಿಬಳಸಿ ಹಿತ್ತಲ ಬಾಗಿಲಿಗೆ ಹೋದಳು. ಮನೆಯಲ್ಲಿ ಬೇರಾರೂ ಇರಲಿಲ್ಲ. ಅಪ್ಪ ರಾಜರತ್ನ ಸ್ಟೇಷನ್ನಿನಲ್ಲಿ ಡ್ಯೂಟಿಗೆ, ಅವ್ವ ತನ್ನ ತಂಗಿಯ ಬಾಣಂತನಕ್ಕೆಂದು ಸೇಡಂಗೆ. ಬಚ್ಚಲಲ್ಲಿ ಕೊಡ ತುಂಬಿತ್ತು. ಅದನ್ನು ಸೊಂಟಕ್ಕೇರಿಸಿದಾಗ ಅವಳ ತಲೆಯಲ್ಲಿ ಒಂದು ಉಪಾಯ ಸಿದ್ಧವಾಗಿಯೇ ಕೂತಿತ್ತು. ತಾನು ಹುಡುಕಿದ್ದಲ್ಲ, ಅದಾಗಿಯೇ ಬಂದದ್ದು. ಕೊಡ ಹೊತ್ತು ಪಡಸಾಲೆಯಿಂದ ನಡೆಯುವುದು. ಹೊಸ್ತಿಲಿಗೆ ಬೆರಳು ಎಡವುವುದು. ಅಯ್ಯೋ ಎನ್ನುವುದು. ನೀರು ತಾನಾಗಿ ಎಲ್ಲವನ್ನೂ ಒಯ್ಯುತ್ತದೆ. ಆಯಿ ಒಂದೆರಡು ಬೈಗುಳ ಬೈಯುತ್ತಾಳೆ, 'ಕಣ್ಣ್ ಎಲ್ಲಿಟ್ಟಿದ್ದಿ ಹುಚ್ಚಿ' ಎನ್ನುತ್ತಾಳೆ, ತನ್ನ ಕೈ ಎಷ್ಟು ಚೆಂದ ಬಿಡಿಸಿತ್ತು ಎಂದು ವಾರಗಟ್ಟಲೆ ಕಂಡಕಂಡವರಿಗೆ ಹೇಳುತ್ತಾಳೆ. ಗಾಜಿನ ಪುಡಿಗೂ ರಂಗೋಲಿಗೂ ವ್ಯತ್ಯಾಸ ತಿಳಿಯದ ಕುರುಡಿಯಾದೆ ಎಂಬ ಮಾತು ಅವಳ ಮನಸ್ಸಿಗೆ ಹೊಳೆಯುವುದೇ ಇಲ್ಲ. ಇದಕ್ಕಿಂತ ದೊಡ್ಡ ಪುಣ್ಯದ ಸುಳ್ಳು ಯಾವುದಿದೆ?

ಪಡಸಾಲೆಯ ಕತ್ತಲಲ್ಲಿ ಆಯಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಸೀರೆ ಹೊದ್ದ ಕಿಟಕಿ ಅವಳ ಪಕ್ಕದಲ್ಲೇ, ಇನ್ನೊಬ್ಬ ಮುದುಕಿಯ ಹಾಗೆ. ಆಯಿ ಬಲಗೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಮೆಲ್ಲಗೆ ಉಜ್ಜಿಕೊಳ್ಳುತ್ತಿದ್ದಳು, ಉಪ್ಪಿನ ಹದ ನೋಡುವವರಂತೆ. ಆ ಬೆರಳುಗಳನ್ನು ನೋಡಿ ಲುಂಬಿನಿ ನಿಂತುಬಿಟ್ಟಳು. ಮುತ್ಯಾ ಸತ್ತಾಗ ಅವಳಿನ್ನೂ ಹುಟ್ಟಿರಲಿಲ್ಲ. ಆದರೂ ಮುತ್ಯಾನ ಕೆಮ್ಮು ಅವಳಿಗೆ ಗೊತ್ತು, ಆಯಿ ಅದನ್ನು ಕಥೆಯಲ್ಲಿ ಅಷ್ಟು ಸಲ ಕೆಮ್ಮಿ ತೋರಿಸಿದ್ದಳು. ಕಲ್ಲಿನ ಪಾಲಿಶ್ ಕೆಲಸದಿಂದ ಮನೆಗೆ ಬಂದರೆ ಹುಬ್ಬು ರೆಪ್ಪೆಯೆಲ್ಲ ಬಿಳಿ, ಹರೆಯದಲ್ಲೇ ಮುದುಕ. ಆಯಿ ಒಮ್ಮೆ ಬುತ್ತಿ ಕೊಡಲು ಹೋದಾಗ ಅಲ್ಲಿ ಆಳುಗಳನ್ನು ನೋಡಿಕೊಳ್ಳುವ ಮುಕದ್ದಮನನ್ನು ಕೇಳಿದ್ದಳಂತೆ, ಅಣ್ಣಾ, ಇವರ ಎದಿಯಾಗ ಗರಗರ ಅಂತದ, ಇದು ಏನದ ನೀವು ಹಾರಸೂದು? ಅವನು ಬೀಡಿ ಕೊಡವುತ್ತ ಅಂದಿದ್ದನಂತೆ. ಕಥೆ ಹೇಳುವಾಗ ಆಯಿ ಬೀಡಿ ಕೊಡವುವುದನ್ನೂ ಮಾಡಿ ತೋರಿಸುತ್ತಿದ್ದಳು, ಬೆರಳು ಹೀಗೆ ಚಿಟಿಕೆ ಹೊಡೆದು: 'ಏನಿಲ್ಲಬೇ ಸುಂದರವ್ವ. ಪುಡಿ.'

ಕೊಡದ ನೀರು ತುಳುಕಿ ಲುಂಬಿನಿಯ ಸೊಂಟ ಒದ್ದೆಯಾಯಿತು. ಅದೇ ಮಾತು. ಕರೆದ ಹೆಸರೊಂದು ಬಿಟ್ಟರೆ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಹುಟ್ಟಿದಾಗಿನಿಂದ ಕೇಳಿದ ಕಥೆ ನಾಲಿಗೆಯ ಮೇಲೆ ಕೂತು, ಬೆಳಿಗ್ಗೆ ತಾನಾಗಿ ಜಾರಿತ್ತು. ಆದರೆ ಜಾರಿದ್ದು ಆಯಿಯ ಮಾತಲ್ಲ, ಮುಕದ್ದಮನದು.

ಕೊಡವನ್ನು ಕೆಳಗಿಟ್ಟಳು. 'ಆಯಿ, ಕೈ ತೊಳಕೊಂಡೀಯೇನು?'

'ಯಾಕ?'

'ಆ ಬೆರಳು ಕಣ್ಣಿಗಿ ಹಚ್ಚೀಯೇನು? ಬಾಯಿಗಿ?'

'ಎಲಿಅಡಿಕಿ ಹಾಕ್ಕೊಳೂ ಮದ್ಲ ತೊಳದೀನಿ. ಯಾಕಂತ ಹೇಳು.'

'ಅದು ರಂಗೋಲಿ ಪುಡಿ ಅಲ್ಲ ಆಯಿ. ಗಾಜಿನದು. ನಾ ಎಲಿ ತಿಕ್ಕಿದ ಗಾಜು. ಹಸಿ ಇದ್ದಾಗಲೇ ಕಟ್ಟಿ ಒಗೀಬೇಕಿತ್ತು, ಒಣಗ್ಲಿಕ್ಕ ಇಟ್ಟಿದ್ದೆ. ನೋಡಾಣಂತ. ಹೆಂಗ ಕಾಣ್ತದಂತ.'

ಆಯಿ ಬೆರಳು ಉಜ್ಜುವುದನ್ನು ನಿಲ್ಲಿಸಿದಳು. ಹೊರಗೆ ಗೂಡ್ಸ್ ಗಾಡಿಯೊಂದು ಬಹಳ ಹೊತ್ತು ಹೋಗುತ್ತಲೇ ಇತ್ತು. ಸ್ಟೇಷನ್ ಹತ್ತಿರದ ಮನೆಗಳಲ್ಲಿ ಜಗಳ ಕೂಡ ಗಾಡಿಗೆ ದಾರಿ ಬಿಡುತ್ತದೆ.

'ನನ್ನ ಬೆರಳಿಗಿ ಗೊತ್ತಾಗಿತ್ತು,' ಎಂದಳು ಆಯಿ ಕೊನೆಗೆ. 'ರಂಗೋಲಿ ಬೆರಳ ಸಂದಿನಾಗಿಂದ ನೀರಿನಂಗ ಇಳೀತದ. ಇದು ಕಚ್ಚತಿತ್ತು. ಹೊಸಾ ನಮೂನಿದು ಬಂದಿರ್ಬೇಕು ಅಂದ್ಕೊಂಡೆ. ಕೇಳಬೇಕಂದ್ರ ನೀ ಇದ್ದಿಲ್ಲ. ಇದ್ದಾಗ ಕೇಳಿದ್ರ ಏನಿಲ್ಲ ಅಂದಿ.'

ಬೈದಿದ್ದರೆ ಚೆನ್ನಾಗಿತ್ತು. ಲುಂಬಿನಿ ನೆಲ ನೋಡಿದಳು. ಫರಸಿಯ ಮೇಲೆ ಕೊಡದಿಂದ ತುಳುಕಿದ ನೀರು ದಾರಿ ಹುಡುಕುತ್ತ ಹೊಸ್ತಿಲ ಕಡೆಗೇ ಹೊರಟಿತ್ತು.

'ಮೂಗಿನಾಗ ಹೋಗಿರ್ತದೇನು?' ಆಯಿ ಕೇಳಿದಳು. ಬಸ್ಸು ಹೊರಟಿತೇ ಎಂದು ಕೇಳುವಷ್ಟು ಸಾದಾ ದನಿಯಲ್ಲಿ.

ಇಷ್ಟಕ್ಕೆಲ್ಲ ಏನೂ ಆಗುವುದಿಲ್ಲ ಆಯಿ. ಇದು ತುದಿ ನಾಲಿಗೆಯವರೆಗೆ ಬಂತು. ನಿಜವೂ ಇದ್ದೀತು; ಒಂದು ಸಲದ್ದು, ಹೊರಗಿನ ಗಾಳಿಯಲ್ಲಿ. ಮುತ್ಯಾನದು ವರ್ಷಾನುಗಟ್ಟಲೆ. ಆದರೆ ಆಯಿ ಕೇಳಿದ್ದು ಅದನ್ನಲ್ಲ. 'ಗೊತ್ತಿಲ್ಲ ಆಯಿ,' ಎಂದಳು. 'ತುಸು ಹೋಗಿರ್ಬೇಕು. ಬಗ್ಗಿ ಹಾಕೀಯಲ್ಲ. ಅಪ್ಪ ಬಂದ್ಮ್ಯಾಲ ಹೇಳ್ತೀನಿ, ನಾಳಿ ದವಾಖಾನಿಗಿ ಹೋಗಿ ತೋರಿಸ್ಕೊಂಡು ಬರೂಣು.'

'ಹ್ಞೂಂ.' ಆಯಿ ಕೋಲಿಗೆ ಕೈ ಚಾಚಿದಳು. 'ಏಳು ಮತ್ತ. ಕೂಸು ಬರೂದ್ರಾಗ ತೆಗೀಬೇಕು. ಕಸಬರಿಗಿ ತಾ.'

'ಕಸಬರಿಗಿ ಬ್ಯಾಡ. ಬಳದ್ರ ಏಳ್ತದ ಅದು.'

ಆಯಿ ಅವಳ ಕಡೆ ತಿರುಗಿದಳು. ಪೊರೆ ಮುಸುಕಿದ ಕಣ್ಣಲ್ಲಿ ಏನೋ ಹತ್ತಿ ಆರಿದಂತಾಯಿತು. 'ಧೂಳವ್ವ,' ಎಂದಳು.

ಎಷ್ಟು ವರ್ಷವಾಗಿತ್ತು ಆ ಹೆಸರು ಕೇಳಿ. ಕಾಗಿಣಾ ದಂಡೆಯ ತವರಿನಿಂದ ಆಯಿ ಸೆರಗಿನಲ್ಲಿ ಕಟ್ಟಿ ತಂದ ಕಥೆಯೋ, ಮುತ್ಯಾ ಹೋದಮೇಲೆ ಒಬ್ಬಳೇ ಕೂತು ಕಟ್ಟಿದ್ದೋ, ಲುಂಬಿನಿ ಎಂದೂ ಕೇಳಿರಲಿಲ್ಲ. ಧೂಳವ್ವ ನೆಲದಡಿ ಫರಸಿಯ ಮೇಲೆ ಫರಸಿ ಹೊದ್ದು ತಣ್ಣಗೆ ಮಲಗಿದ್ದಳು. ಮನುಷ್ಯ ಬಂದು ಅವಳ ಹೊದಿಕೆ ಕೊಯ್ದ. ನಿದ್ದೆಗೆಟ್ಟು ಎದ್ದವಳಿಗೆ ಎಲ್ಲಿಲ್ಲದ ನೀರಡಿಕೆ. ಯಾರು ನೀರು ಕೊಟ್ಟರೋ ಅವರ ಕಾಲ ಬಳಿ ಕುಡಿದು ಮಲಗಿದಳು. ಯಾರು ಕೊಡಲಿಲ್ಲವೋ ಅವರ ಮೂಗಿನಿಂದ ಒಳಹೊಕ್ಕು, ಎದೆಯೊಳಗಿನ ನೀರು ಹುಡುಕುತ್ತ ಹೋದಳು. ಸಣ್ಣವಳಿದ್ದಾಗ ಲುಂಬಿನಿ ಅಂಗಳದ ಮೂಲೆಯಲ್ಲಿ ಅವಳಿಗೆಂದು ತೆಂಗಿನ ಕರಟದಲ್ಲಿ ನೀರಿಡುತ್ತಿದ್ದಳು. ಬೆಳಿಗ್ಗೆ ನೋಡಿದರೆ ನೀರು ಇಳಿದಿರುತ್ತಿತ್ತು. ಗುಬ್ಬಿ ಕುಡಿದಿರಬಹುದೆಂದು ಆಗ ಅನ್ನಿಸಿರಲಿಲ್ಲ. ಆಪಾ ಮೊದಲ ಸಲ ಯಂತ್ರದ ಸ್ಪಂಜು ತೋರಿಸಿ, ಇದು ಒಣಗಬಾರದು, ಒಣಗಿದರೆ ಗಾಜು ಹೊಗೆಯಾಗಿ ಏಳುತ್ತದೆ ಎಂದಾಗ ತನಗೆ ಅದು ಮೊದಲೇ ಗೊತ್ತಿದ್ದ ಹಾಗೆ ಅನ್ನಿಸಿತ್ತು. ಎಲ್ಲಿಂದ ಗೊತ್ತಿತ್ತು ಎಂದು ಮಾತ್ರ ನೆನಪಾಗಿರಲಿಲ್ಲ.

'ನಾನೇ ಅಳಸ್ತೀನಿ,' ಎಂದಳು ಆಯಿ. 'ಹಾಕಿದ ಕೈಯೇ ತೆಗೀಬೇಕು.'

ಲುಂಬಿನಿ ತಡೆಯಲಿಲ್ಲ. ತನ್ನ ಕೈಗವಸುಗಳನ್ನು ತಂದು, ಕೂಸಿಗೆ ಅಂಗಿ ತೊಡಿಸುವಂತೆ ಒಂದೊಂದೇ ಬೆರಳು ಹುಡುಕಿ ಹುಡುಕಿ ಹಾಕಿದಳು. ನೀಲಿ ರಬ್ಬರಿನಲ್ಲಿ ಆಯಿಯ ಕೈ ಯಾವುದೋ ದೊಡ್ಡ ಆಫೀಸರಳ ಕೈಯ ಹಾಗೆ ಕಂಡಿತು. 'ಡಾಕ್ಟರ್ ಸುಂದರಮ್ಮ,' ಎಂದಳು ಆಯಿ, ಕೈ ತಿರುಗಿಸಿ ನೋಡಿಕೊಳ್ಳುತ್ತ, ಮತ್ತು ಇಬ್ಬರಿಗೂ ನಗು ಬಂತು, ಬರಬಾರದ ಹೊತ್ತಿನಲ್ಲಿ ಬಂದ ನಗು. ಲುಂಬಿನಿ ಆಯಿಯ ಮೂಗಿಗೆ ಸೆರಗು ಸುತ್ತಿ ಕಟ್ಟಿದಳು. ತಾನು ತನ್ನ ಪಟ್ಟಿಯ ಮುಖಗವಸು ಬಿಗಿದು, ಕೈಗೆ ಪಾಲಿಥಿನ್ ಚೀಲ ಸುತ್ತಿಕೊಂಡಳು. ಹೊಸ್ತಿಲ ಒಳಗೆ ಕೂತೇ ತಂಬಿಗೆಯಿಂದ ನೀರು ಬಿಟ್ಟಳು, ಸುರಿಯದೆ, ಗೋಡೆಯ ಮೇಲೆ ಇರುವೆ ಹರಿದಷ್ಟು ಮೆಲ್ಲಗೆ, ಎಲೆಯ ಅಂಚಿನಿಂದ. ಪುಡಿ ನೀರು ಕುಡಿಯಿತು. ಕುಡಿದ ಕಡೆಯೆಲ್ಲ ಮಿನುಗು ಆರಿತು. ಆಯಿ ಒದ್ದೆ ಅರಿವೆಯನ್ನು ಬಾಲದ ತುದಿಯಿಂದ ಒಳಕ್ಕೆ, ಒಂದೊಂದೇ ಗೆರೆ, ಬಿಡಿಸಿದ ಕ್ರಮವನ್ನೇ ಹಿಂದುಮುಂದು ಮಾಡಿ ಎಳೆದುಕೊಳ್ಳುತ್ತ ಬಂದಳು. ಕಣ್ಣು ಅರ್ಧ ಮುಚ್ಚಿತ್ತು. ನಡುವಿನ ನರಕ್ಕೆ ಬಂದಾಗ ಕೈ ತುಸು ತಡೆಯಿತು.

'ಇಲ್ಲಿ ನಿನ್ನ ಕಿಟಕ್ಯಾಗ ಒಂದು ಚೂರು ಒರಟು ಅದ,' ಎಂದಳು.

'ಅದನ್ನ ಸರಿ ಮಾಡೀನಿ ಆಯಿ. ತುದೀದು.'

'ತುದೀದಲ್ಲ. ನಡುವಿಂದು. ಇರ್ಲಿ ಬಿಡು, ಎಲಿ ಅಂದಮ್ಯಾಲ ಎಲ್ಲೋ ಒಂದ್ಕಡಿ ಹುಳಾ ಕಚ್ಚಿರ್ತದ.'

ಲುಂಬಿನಿ ಅರಿವೆಯನ್ನು ಹಿಂಡದೆ ಹಾಗೆಯೇ ಚೀಲಕ್ಕೆ ಹಾಕಿದಳು. ಇನ್ನೊಂದು ಅರಿವೆ, ಮತ್ತೆ ನೀರು. ಆಯಿ ಮಡಚಿ ಅಡಿಗೆಮನೆಯ ಗೂಡಿನಲ್ಲಿ ಜೋಪಾನವಾಗಿ ಎತ್ತಿಟ್ಟಿದ್ದ ಪೇಪರೂ, ಅದರೊಳಗೆ ನಾಳೆಗೆಂದು ಉಳಿಸಿದ್ದ ಪುಡಿಯೂ ನೀರು ಕುಡಿದು ಅದೇ ಚೀಲ ಸೇರಿದವು. ಚೀಲದ ಬಾಯಿ ಬಿಗಿದು, ಅದರ ಮೇಲೊಂದು ಚೀಲ ಹಾಕಿ, ಮೋಟುಗೋಡೆಯ ಮೂಲೆಗಿಟ್ಟಳು. ಆಮೇಲೆ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಬಿಟ್ಟು ಫರಸಿಯ ಉದ್ದಗಲ ನೋಡಿದಳು. ಎಲ್ಲಿಯೂ ಮಿನುಗಲಿಲ್ಲ. ಇನ್ನೊಮ್ಮೆ ಒರೆಸಿ, ಇನ್ನೊಮ್ಮೆ ನೋಡಿದಳು. ಒದ್ದೆ ಕಲ್ಲಿನ ಮೇಲೆ, ಆಯಿ ತಿಕ್ಕಿದ ಜಾಗ ಮಾತ್ರ ಉಳಿದದ್ದಕ್ಕಿಂತ ಕಪ್ಪಾಗಿ, ಬಾಲವಿದ್ದ ಒಂದು ಆಕಾರ ಸ್ವಲ್ಪ ಹೊತ್ತು ಇದ್ದು, ಅಂಚಿನಿಂದ ಆರತೊಡಗಿತು.

ಅವರು ಬಂದಾಗ ಬಿಸಿಲು ಹೋಗಿ ಬರೀ ಬೆಳಕಿತ್ತು. ಚಂದ್ರಾಮ ಚಪ್ಪಲಿ ಬಿಡುತ್ತಲೇ ಹೊಸ್ತಿಲ ಕಡೆ ನೋಡಿ, 'ಏನ್ ಸುಂದರವ್ವ, ಇಂಥ ದಿನಾನೂ ಅಂಗಳ ಬೋಳಾ? ನಾಕ್ ಗೆರಿ ಎಳೀಲಿಕ್ಕ ಬರಂಗಿಲ್ಲೇನು ನಿನ್ನ ಮೊಮ್ಮಗಳಿಗಿ? ಕಿಟಕಿ ಮಾಡ್ತಾಳಂತ, ಕಿಟಕಿ!' ಎಂದು ತನ್ನ ಎಂದಿನ ನಗು ನಕ್ಕ.

ಲುಂಬಿನಿಯೂ ಎಂದಿನಂತೆ ನಗಲು ತುಟಿ ಎಳೆದಳು. ಅಷ್ಟರಲ್ಲಿ ಆಯಿ ಹೇಳಿದಳು. 'ಎಳದಿದ್ದೆ ಚಂದ್ರಾಮ. ಅಕಿಗಿ ಭಾಳ ನೀರಡಿಕಿ ಆಗಿತ್ತು. ಕುಡಿಸಿ ಮಲಗಿಸೀವಿ. ಒಳಗ ಬರ್ರಿ, ಕುಂದ್ರಿ.'

ಚಂದ್ರಾಮನಿಗೆ ತಿಳಿಯಲಿಲ್ಲ. ಮುದುಕಿಗೆ ಅರಳು ಮರಳು ಎಂದುಕೊಂಡು ಮೈತ್ರಿಯ ಮುಖ ನೋಡಿದ. ಆಯಿಯ ಕೈಯಲ್ಲಿ ತೊಳೆದ ನೀಲಿ ಕೈಗವಸು ಇನ್ನೂ ಇತ್ತು. ಅವಳು ಅದನ್ನು ತೆಗೆಯಲು ಒಪ್ಪಿರಲಿಲ್ಲ. ಮೈತ್ರಿ ಕೂಸನ್ನು ಕೆಳಗೆ ಬಿಟ್ಟಳು. ಅದು ನೇರವಾಗಿ ಹೊಸ್ತಿಲಿಗೇ ಹೋಗಿ, ತಣ್ಣಗಿನ ಒದ್ದೆ ಫರಸಿಯನ್ನು ಅಂಗೈಯಿಂದ ಪಟಪಟ ಬಡಿದು, ಅಂಗೈಯನ್ನು ಬಾಯಿಗಿಟ್ಟುಕೊಂಡಿತು. ನೋಡಿದ್ದೇನೆ, ಎರಡು ಸಲ ನೋಡಿದ್ದೇನೆ, ಮಿನುಗಲಿಲ್ಲ ಎಂದು ಲುಂಬಿನಿ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡರೂ ಹೋಗಿ ಕೂಸನ್ನು ಎತ್ತಿಕೊಂಡು, ಅದರ ಕೈಯನ್ನು ತಂಬಿಗೆಯ ನೀರಿನಲ್ಲಿ ತೊಳೆದಳು.

'ಅಲ್ಲಿ ಗ್ವಾಡಿ ಮ್ಯಾಲ ಗಂಟು ಕಟ್ಟಿಟ್ಟೀರಲ್ಲ, ಏನದು?' ಚಂದ್ರಾಮ ಕೇಳಿದ.

'ಗಾಜಿನ ಪುಡಿ ಮಾಮಾ. ಕಿಟಕಿ ಎಲಿ ತಿಕ್ಕಿದ್ದು. ಹಸಿ ಅದ, ಒಣಗಿದ್ರ ಎದಿಗಿ ಕೆಟ್ಟದು. ಯಾರೂ ಬಿಚ್ಚಬ್ಯಾಡ್ರಿ.' ಲುಂಬಿನಿ ಒಂದೇ ಉಸಿರಿಗೆ ಪೂರ್ತಿ ಹೇಳಿ ಮುಗಿಸಿದಳು. ಅವನು ಹಾಂ ಹಾಂ ಎಂದು ತಲೆಯಾಡಿಸಿ, ಆ ಗಂಟಿನಿಂದ ದೂರ, ಪಡಸಾಲೆಯ ಒಳಕ್ಕೆ ಕುರ್ಚಿ ಎಳೆದುಕೊಂಡ.

ಆಯಿ ಎದ್ದು ಹೋಗಿ ಕಿಟಕಿಯ ಮೇಲಿನ ಸೀರೆ ಜಗ್ಗಿದಳು. ಬೆಳಕು ಸಾಲದೆ ಎಲೆ ಕಡುಗಪ್ಪಾಗಿ ಕಂಡಿತು. ಅಂಚಿನಲ್ಲಿ ಎಲ್ಲೋ ಒಂದು ಕಡೆ ಮಾತ್ರ ಹಸಿರು. ಎಲ್ಲರೂ ಅದನ್ನು ನೋಡಿದರು. ಚಂದ್ರಾಮ ಈ ಸಲ ಬಡಿಯಲಿಲ್ಲ, ಕೈ ಹಿಂದೆ ಕಟ್ಟಿ ನಿಂತ. ಸೀರೆಯ ಗಾಳಿಗೋ ಏನೋ, ಆಯಿ ಒಮ್ಮೆ ಕೆಮ್ಮಿದಳು. ಚಿಕ್ಕ ಕೆಮ್ಮು. ಬೇರೆ ಯಾರೂ ಗಮನಿಸಲಿಲ್ಲ. ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಲುಂಬಿನಿ ಇನ್ನೊಂದಕ್ಕೆ ಕಾದಳು. ಕಾಯುತ್ತಲೇ ಇದ್ದಳು.

'ಏನಾತು ಆಯಿ?'

ಆಯಿ ಬಾಯಿ ತೆರೆದಳು. ಯಾವ ಮಾತು ಬರುತ್ತದೆಂದು ಲುಂಬಿನಿಗೆ ಗೊತ್ತಿತ್ತು. ಆ ತುಟಿಯ ಆಕಾರವೂ ಕಾಣಿಸಿತು. ಆಯಿ ಅದನ್ನು ಅಲ್ಲಿಯೇ ತಡೆದು, ನುಂಗಿ, ಪೊರೆಗಣ್ಣನ್ನು ಮೊಮ್ಮಗಳ ದನಿ ಬಂದ ಕಡೆಗೆ ತಿರುಗಿಸಿದಳು.

'ಗೊತ್ತಿಲ್ಲವ್ವ,' ಎಂದಳು. 'ನೀರು ತಾ.'